ಲೂಯಿಸಿಯಾನಾ ಖಾರ, ಮನೆಯ ಬಾಣಲೆ: ಗರಿಗರಿ ಕೇಜನ್ ಸಿಗಡಿ, ಬೊಂಡಾಸ್, ಮೀನು

ಚೆನ್ನಾಗಿ ಕರಿದ ಕೇಜನ್ ಸಿಗಡಿಯನ್ನು ಕಚ್ಚಿದಾಗ ಮೂರು ಸಂಗತಿಗಳು ಒಂದರ ಹಿಂದೊಂದು ಬಾಯಿಗೆ ತಿಳಿಯಬೇಕು. ಮೊದಲು ಮೆಕ್ಕೆಜೋಳದ ಹಿಟ್ಟಿನ ಒರಟು ಗರಿಗರಿ, ಆಮೇಲೆ ಒಳಗಿನ ಸಿಗಡಿಯ ಸಿಹಿ, ಕೊನೆಗೆ ಗಂಟಲ ಬಳಿ ನಿಧಾನವಾಗಿ ಏರುವ ಕಾಳುಮೆಣಸಿನ ಖಾರ. ಇದನ್ನು ಸಾಧಿಸಲು ವಿಶೇಷ ಯಂತ್ರವೂ ಬೇಡ, ದುಬಾರಿ ಆಮದು ಪೊಟ್ಟಣವೂ ಬೇಡ. ಎರಡು ಶಿಸ್ತು ಇದ್ದರೆ ಸಾಕು. ಒಂದು, ಪ್ರತಿ ಪದರಕ್ಕೂ ಉಪ್ಪು-ಖಾರ ಹಾಕುವುದು. ಇನ್ನೊಂದು, ಎಣ್ಣೆಯ ಬಿಸಿಯನ್ನು ಕೊನೆಯ ತುಂಡಿನವರೆಗೂ ಒಂದೇ ಮಟ್ಟದಲ್ಲಿ ಹಿಡಿದಿಡುವುದು. ನಾಲ್ಕು ಮಂದಿಗೆ ಊಟದ ಮುಂಚಿನ ತಿಂಡಿಯಾಗಿ ಇದನ್ನು ಮನೆಯಲ್ಲೇ ಮಾಡುವ ಕ್ರಮ ಇಲ್ಲಿದೆ.

ಇದು ಯಾರ ಅಡುಗೆ?

ಈಗಿನ ಕೆನಡಾದ ನೋವಾ ಸ್ಕೋಷಿಯಾ ಸುತ್ತಮುತ್ತ ಹಿಂದೆ ಅಕೇಡಿಯಾ ಎಂಬ ಫ್ರೆಂಚ್ ವಸಾಹತು ಇತ್ತು. 1755ರಲ್ಲಿ ಬ್ರಿಟಿಷರು ಅಲ್ಲಿನ ಫ್ರೆಂಚ್ ಭಾಷಿಕ ಕುಟುಂಬಗಳನ್ನು ಊರು ಬಿಡಿಸಿ ಹೊರದಬ್ಬಲು ಆರಂಭಿಸಿದರು. ನೆಲೆ ಕಳೆದುಕೊಂಡವರಲ್ಲಿ ಹಲವರು 1760ರ ದಶಕದಿಂದ ಅಮೆರಿಕದ ದಕ್ಷಿಣದಲ್ಲಿರುವ ಲೂಯಿಸಿಯಾನಾಕ್ಕೆ ಬಂದು, ಜೌಗು ನೆಲದಲ್ಲಿ, ನಿಧಾನವಾಗಿ ಹರಿಯುವ ತೊರೆಗಳ ದಂಡೆಯಲ್ಲಿ ಬದುಕು ಕಟ್ಟಿಕೊಂಡರು. ಅವರ ಸಂತತಿಯೇ ಕೇಜನ್ನರು. ಬಿಸಿ ಮತ್ತು ತೇವದ ಆ ಸೀಮೆಯಲ್ಲಿ ಗೋಧಿಗಿಂತ ಮೆಕ್ಕೆಜೋಳ, ಅಕ್ಕಿ ಚೆನ್ನಾಗಿ ಬರುತ್ತಿದ್ದವು. ನೀರಿನಲ್ಲಿ ಸಿಗಡಿ, ಸಿಂಪಿ, ಕ್ಯಾಟ್‌ಫಿಶ್ ಮತ್ತು ಕ್ರಾಫಿಶ್ ಎಂಬ, ಸಿಗಡಿಯನ್ನು ಹೋಲುವ ಸಿಹಿನೀರಿನ ಪುಟ್ಟ ಜೀವಿ ಹೇರಳವಾಗಿದ್ದವು. ಮೀನಿಗೆ ಮೆಕ್ಕೆಜೋಳದ ಹಿಟ್ಟು ಸವರಿ ಕರಿಯುವ ರೂಢಿ ಅಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಕ್ಯಾಥೋಲಿಕರಾದ ಕೇಜನ್ನರು ಈಸ್ಟರ್‌ಗೆ ಮುಂಚಿನ ಉಪವಾಸ ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡುತ್ತಾರೆ. ಆ ದಿನಗಳಲ್ಲಿ ಚರ್ಚ್‌ಗಳ ಅಂಗಳದಲ್ಲಿ ಊರವರೆಲ್ಲ ಸೇರಿ ಮೀನು ಕರಿದು ಉಣ್ಣುವುದು ಇಂದಿಗೂ ನಡೆದಿದೆ.

ಈ ರುಚಿಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಬಾಣಸಿಗ ಪಾಲ್ ಪ್ರುಡೋಮ್ (1940–2015) ಪ್ರಮುಖರು. 1979ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಅವರು ತೆರೆದ ‘ಕೆ-ಪಾಲ್ಸ್ ಲೂಯಿಸಿಯಾನಾ ಕಿಚನ್’ ಎಂಬ ಪುಟ್ಟ ಹೋಟೆಲು ಕೇಜನ್ ಅಡುಗೆಗೆ ದೊಡ್ಡ ಹೆಸರು ತಂದಿತು. ಕ್ರಾಫಿಶ್ ಬಾಲಗಳನ್ನು ಕರಿದು ‘ಕೇಜನ್ ಪಾಪ್‌ಕಾರ್ನ್’ ಎಂದು ಬಡಿಸುವುದನ್ನು ಜನಪ್ರಿಯಗೊಳಿಸಿದವರೂ ಅವರೇ. ಇಂದು ಅನೇಕ ಕಡೆ ಸಿಗುವ ಪಾಪ್‌ಕಾರ್ನ್ ಸಿಗಡಿ ಇದರ ಹತ್ತಿರದ ನೆಂಟ. ಅವರ ಇನ್ನೊಂದು ಪ್ರಸಿದ್ಧ ತಿನಿಸು, ಮೀನನ್ನು ಕರಗಿದ ಬೆಣ್ಣೆಯಲ್ಲಿ ಅದ್ದಿ, ಮಸಾಲೆ ಸವರಿ, ಕೆಂಡದಂತೆ ಕಾದ ಕಬ್ಬಿಣದ ಕಾವಲಿಯ ಮೇಲೆ ಕಪ್ಪಾಗುವಂತೆ ಬೇಯಿಸುವುದು. ಅದು ಬೇರೆಯೇ ವಿಧಾನ. ನಾವಿಲ್ಲಿ ಮಾಡುವುದು ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ತಿಂಡಿ.

ಮಸಾಲೆಯೇ ಅರ್ಧ ಕೆಲಸ

ಕೇಜನ್ ಮಸಾಲೆಯಲ್ಲಿ ಖಾರ ಒಂದೇ ಮೂಲದಿಂದ ಬರುವುದಿಲ್ಲ. ಕೆಂಪು ಮೆಣಸಿನಕಾಯಿ, ಕರಿಯ ಕಾಳುಮೆಣಸು, ಬಿಳಿ ಕಾಳುಮೆಣಸು, ಈ ಮೂರನ್ನೂ ಬೆರೆಸುವುದು ಪ್ರುಡೋಮ್ ಅವರ ಅಡುಗೆಯಲ್ಲಿ ಮತ್ತೆ ಮತ್ತೆ ಕಾಣುವ ಕ್ರಮ. ಒಂದು ನಾಲಿಗೆಯ ತುದಿಗೆ ಚುರುಕು ಮುಟ್ಟಿಸಿದರೆ, ಇನ್ನೊಂದು ಮೂಗಿಗೆ ಘಾಟು ಕೊಡುತ್ತದೆ, ಮತ್ತೊಂದು ನುಂಗಿದ ಮೇಲೂ ಉಳಿಯುತ್ತದೆ. ಹಾಗಾಗಿ ಖಾರ ಹೆಚ್ಚು ಬೇಕೆಂದು ಮೆಣಸಿನಪುಡಿ ಮಾತ್ರ ಸುರಿದರೆ ರುಚಿ ಚಪ್ಪಟೆಯಾಗುತ್ತದೆ.

ಅಲ್ಲಿನವರು ಬಣ್ಣಕ್ಕೆ ಪ್ಯಾಪ್ರಿಕಾ, ಖಾರಕ್ಕೆ ಕೆಯೆನ್ ಮೆಣಸು ಬಳಸುತ್ತಾರೆ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಗಾಢ ಬಣ್ಣ, ಕಡಿಮೆ ಖಾರದ ತಳಿಯಾದ್ದರಿಂದ ಪ್ಯಾಪ್ರಿಕಾದ ಜಾಗಕ್ಕೆ ಸಲೀಸಾಗಿ ಹೊಂದುತ್ತದೆ. ಕೆಯೆನ್ ಬದಲಿಗೆ ಗುಂಟೂರು ಮೆಣಸಿನಪುಡಿ ಸಾಕು.

ಮಸಾಲೆಗೆ ಬೇಕಾದದ್ದು (ಎರಡು ಸಲಕ್ಕೆ ಆಗುವಷ್ಟು):

• ಬ್ಯಾಡಗಿ ಮೆಣಸಿನಪುಡಿ – 2 ದೊಡ್ಡ ಚಮಚ
• ಗುಂಟೂರು ಮೆಣಸಿನಪುಡಿ – ಒಂದೂವರೆ ಸಣ್ಣ ಚಮಚ
• ಬೆಳ್ಳುಳ್ಳಿ ಪುಡಿ – 1 ದೊಡ್ಡ ಚಮಚ
• ಈರುಳ್ಳಿ ಪುಡಿ – 2 ಸಣ್ಣ ಚಮಚ
• ಕರಿಯ ಕಾಳುಮೆಣಸಿನ ಪುಡಿ – 2 ಸಣ್ಣ ಚಮಚ
• ಬಿಳಿ ಕಾಳುಮೆಣಸಿನ ಪುಡಿ – 1 ಸಣ್ಣ ಚಮಚ
• ಒಣಗಿದ ಥೈಮ್ – 1 ಸಣ್ಣ ಚಮಚ
• ಒಣಗಿದ ಒರಿಗಾನೊ – 1 ಸಣ್ಣ ಚಮಚ

ಥೈಮ್, ಒರಿಗಾನೊ ಎಲೆಗಳನ್ನು ಅಂಗೈಯಲ್ಲಿ ಉಜ್ಜಿ ಪುಡಿಮಾಡಿ, ಉಳಿದದ್ದರ ಜೊತೆ ಬೆರೆಸಿ, ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿಡಿ. ಉಪ್ಪನ್ನು ಇದರಲ್ಲಿ ಸೇರಿಸಬೇಡಿ; ಪ್ರತ್ಯೇಕವಾಗಿದ್ದರೆ ಅಳತೆ ಕೈತಪ್ಪುವುದಿಲ್ಲ. ಪೀಟ್ಸಾ ಜೊತೆ ಬರುವ ಒರಿಗಾನೊ ಪೊಟ್ಟಣದಲ್ಲಿ ಉಪ್ಪು, ಸಕ್ಕರೆ ಬೆರೆತಿರುವುದುಂಟು. ಅದರ ಬದಲು ಬರೀ ಎಲೆ ಇರುವ ಬಾಟಲಿ ಕೊಳ್ಳಿ. ಹಸಿ ಬೆಳ್ಳುಳ್ಳಿ ಪೇಸ್ಟ್ ಇಲ್ಲಿ ಬೇಡ. ಅದರ ನೀರು ಹೊದಿಕೆಯನ್ನು ಮೆತ್ತಗಾಗಿಸುತ್ತದೆ, ಎಣ್ಣೆಯಲ್ಲಿ ಬೇಗ ಸೀದು ಕಹಿಯೂ ಆಗುತ್ತದೆ. ಅರಿಸಿನ, ಧನಿಯಾ, ಜೀರಿಗೆ, ಗರಂ ಮಸಾಲೆಗಳನ್ನೂ ದೂರವಿಡಿ. ನಮ್ಮ ಕರಾವಳಿಯ ಮಸಾಲೆ ಮೀನಿಗೆ ಅವು ಬೇಕೇ ಬೇಕು. ಆದರೆ ಒಂದು ಚಿಟಿಕೆ ಧನಿಯಾ ಬಿದ್ದರೂ ಇದು ಬೇರೆ ಅಡುಗೆಯಾಗಿಬಿಡುತ್ತದೆ.

ಯಾವ ಮೀನು, ಎಂಥ ಸಿಗಡಿ?

ಸಿಗಡಿ: ಮಧ್ಯಮ ಗಾತ್ರದ್ದು ಒಳ್ಳೆಯದು. ತೀರಾ ದೊಡ್ಡದಾದರೆ ಒಳಗೆ ಬೇಯುವಷ್ಟರಲ್ಲಿ ಹೊದಿಕೆ ಕಪ್ಪಾಗುತ್ತದೆ. ತಾಜಾ ಸಿಗಡಿಯ ಮೈ ಬಿಗಿಯಾಗಿರುತ್ತದೆ, ಸಮುದ್ರದ ವಾಸನೆಯಷ್ಟೇ ಇರುತ್ತದೆ. ಅಮೋನಿಯಾದಂಥ ಘಾಟು ಬಂದರೆ ಕೊಳ್ಳಬೇಡಿ.

ಬೊಂಡಾಸ್ (ಸ್ಕ್ವಿಡ್): ಅಂಗೈ ಉದ್ದದ ಎಳೆಯವನ್ನು ಆರಿಸಿ. ಬಲಿತದ್ದು ಕರಿದಾಗ ಬಿರುಸಾಗುತ್ತದೆ.

ಮೀನು: ಲೂಯಿಸಿಯಾನಾದಲ್ಲಿ ಇದಕ್ಕೆ ಕ್ಯಾಟ್‌ಫಿಶ್ ಮೊದಲ ಆಯ್ಕೆ. ನಮ್ಮಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧ ಇರುವುದರಿಂದ ಅದರ ಗೋಜಿಗೆ ಹೋಗಬೇಡಿ. ಸೂಪರ್ ಮಾರ್ಕೆಟ್‌ಗಳಲ್ಲಿ ಮುಳ್ಳು ತೆಗೆದು ಮಾರುವ ಬಾಸಾ ಕೂಡ ಕ್ಯಾಟ್‌ಫಿಶ್ ಬಳಗಕ್ಕೇ ಸೇರಿದ್ದು, ಬದಲಿಯಾಗಿ ಚೆನ್ನಾಗಿ ಒಪ್ಪುತ್ತದೆ. ಕರಾವಳಿಯವರಿಗೆ ಕಾಣೆ, ಅಂಜಲ್ ಸಿಕ್ಕರೆ ರುಚಿ ಇನ್ನೂ ಮೇಲು.

ಸಿಂಪಿ: ನ್ಯೂ ಆರ್ಲಿಯನ್ಸ್‌ನಲ್ಲಿ ಕರಿದ ಸಿಂಪಿಗೆ ತುಂಬ ಬೇಡಿಕೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಂಥ ಕಡೆ ಚಿಪ್ಪಿನ ಜೀವಿಗಳು ಹೇರಳವಾಗಿವೆ. ತಾಜಾ ಸಿಂಪಿ ಸಿಗುವವರು ಇದೇ ಕ್ರಮದಲ್ಲಿ ಅದನ್ನೂ ಮಾಡಬಹುದು. ಆದರೆ ಪೂರ್ತಿ ಬೇಯಿಸದೆ ತಿನ್ನಬಾರದು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಆ ದಿನಗಳಲ್ಲಿ ಸಾಕಿದ ಸಿಗಡಿ ಅಥವಾ ಶೀತಲೀಕರಿಸಿದ ಪೊಟ್ಟಣವನ್ನು ಧೈರ್ಯವಾಗಿ ಬಳಸಿ. ಪೊಟ್ಟಣವನ್ನು ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ತೆಗೆದು ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಕರಗಿಸಬೇಕು. ಬಿಸಿನೀರಿಗೆ ಹಾಕಿದರೆ ಮೇಲ್ಮೈ ಅರೆಬೆಂದು ಹಾಳಾಗುತ್ತದೆ. ಹ್ಯೂಸ್ಟನ್, ಡಲ್ಲಾಸ್ ಕಡೆ ನೆಲೆಸಿರುವ ಕನ್ನಡಿಗರಿಗೆ ಲೂಯಿಸಿಯಾನಾ ನೆರೆರಾಜ್ಯ. ಅವರು ಅಂಗಡಿಯಲ್ಲಿ ಸಿಗುವ ಕ್ಯಾಟ್‌ಫಿಶ್, ಬಿಡಿಸಿದ ಕ್ರಾಫಿಶ್ ಬಾಲಗಳಿಂದಲೇ ಮಾಡಿ ನೋಡಬಹುದು.

ಬೇಕಾಗುವ ಸಾಮಗ್ರಿ

• ಸಿಪ್ಪೆ ತೆಗೆದ ಸಿಗಡಿ – 250 ಗ್ರಾಂ
• ಶುಚಿ ಮಾಡಿದ ಬೊಂಡಾಸ್ – 200 ಗ್ರಾಂ
• ಮುಳ್ಳಿಲ್ಲದ ಮೀನು – 300 ಗ್ರಾಂ
• ಗಟ್ಟಿ ಮೊಸರು – ಮುಕ್ಕಾಲು ಕಪ್
• ಮೊಟ್ಟೆ – 1
• ಬಾಟಲಿಯ ಹಳದಿ ಮಸ್ಟರ್ಡ್ ಸಾಸ್ – 1 ದೊಡ್ಡ ಚಮಚ
• ಟಬಾಸ್ಕೊ ಅಥವಾ ಅಂಥದ್ದೇ ಹುಳಿ-ಖಾರದ ಸಾಸ್ – 1 ಸಣ್ಣ ಚಮಚ
• ಮೆಕ್ಕೆಜೋಳದ ಹಿಟ್ಟು – 1 ಕಪ್
• ಮೆಕ್ಕೆಜೋಳದ ಸಣ್ಣ ರವೆ – ಅರ್ಧ ಕಪ್
• ಮೈದಾ – ಅರ್ಧ ಕಪ್
• ಉಪ್ಪು, ಮೇಲಿನ ಮಸಾಲೆ
• ಕರಿಯಲು ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆ – 1 ಲೀಟರ್

ಹಿಟ್ಟಿನ ವಿಷಯದಲ್ಲಿ ಎಚ್ಚರ ಇರಲಿ. ಗೋಬಿ ಮಂಚೂರಿಗೆ ಬಳಸುವ ಬಿಳಿ ಕಾರ್ನ್‌ಫ್ಲೋರ್ ಬರೀ ಪಿಷ್ಟ. ನಮಗೆ ಬೇಕಾದದ್ದು ಇಡೀ ಕಾಳನ್ನು ಬೀಸಿದ ಹಳದಿ ಹಿಟ್ಟು. ರೊಟ್ಟಿಗೆಂದು ಮಾರುವ ಮಕ್ಕಿ ಆಟಾ ಅದೇ. ರವೆ ಸಿಗದಿದ್ದರೆ ಒಣ ಮೆಕ್ಕೆಜೋಳವನ್ನು ಗಿರಣಿಯಲ್ಲಿ ತರಿತರಿಯಾಗಿ ಒಡೆಸಿ ಜರಡಿ ಹಿಡಿಯಿರಿ. ಹಿಟ್ಟು ಮೈಗೆ ಅಂಟಿಕೊಳ್ಳುತ್ತದೆ, ರವೆ ಗರಿಗರಿ ಕೊಡುತ್ತದೆ, ಮೈದಾ ಎರಡನ್ನೂ ಹಿಡಿದಿಡುತ್ತದೆ.

ಲೂಯಿಸಿಯಾನಾದ ಅಡುಗೆಯಲ್ಲಿ ಹೇಳುವ ಮಜ್ಜಿಗೆಯೂ ನಮ್ಮದರಂತೆ ತೆಳ್ಳಗಿರುವುದಿಲ್ಲ. ಅದಕ್ಕೇ ಇಲ್ಲಿ ಮೊಸರನ್ನು ಕಾಲು ಕಪ್ ನೀರಿನಲ್ಲಿ ಕಡೆದು ಬಳಸುತ್ತೇವೆ.

ಮಾಡುವ ಕ್ರಮ

1. ಶುಚಿ ಮಾಡುವುದು. ಸಿಗಡಿಯ ಬೆನ್ನನ್ನು ಸೀಳಿ ಕಪ್ಪು ನರ ತೆಗೆಯಿರಿ. ಸೀಳು ಸ್ವಲ್ಪ ಆಳವಾಗಿದ್ದರೆ ಕರಿಯುವಾಗ ಅರಳಿ, ಹಿಟ್ಟು ಹಿಡಿಯಲು ಹೆಚ್ಚು ಜಾಗ ಸಿಗುತ್ತದೆ. ಬೊಂಡಾಸ್‌ನ ತಲೆ ಎಳೆದು, ಒಳಗಿನ ಪಾರದರ್ಶಕ ಕಡ್ಡಿ ತೆಗೆದು, ನೇರಳೆ ಸಿಪ್ಪೆ ಸುಲಿದು, 1 ಸೆಂ.ಮೀ. ಅಗಲದ ಬಳೆಗಳಾಗಿ ಕತ್ತರಿಸಿ. ಮೀನನ್ನು ಬೆರಳಿನ ದಪ್ಪದ ಪಟ್ಟಿಗಳಾಗಿ ಮಾಡಿ.

2. ಒಣಗಿಸುವುದು. ಬಹಳ ಮನೆಗಳಲ್ಲಿ ತಪ್ಪಿಹೋಗುವ ಹಂತ ಇದು. ತೊಳೆದದ್ದನ್ನು ಜರಡಿಯಲ್ಲಿ ಹತ್ತು ನಿಮಿಷ ಬಸಿಯಲು ಬಿಟ್ಟು, ಒಣ ಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೆಯಿರಿ. ಮೈ ಮೇಲೆ ನೀರು ಉಳಿದರೆ ಆವಿಯಾಗಿ ಹೊದಿಕೆಯನ್ನು ಎಬ್ಬಿಸುತ್ತದೆ. ಎಣ್ಣೆ ಸಿಡಿಯುವುದಕ್ಕೂ ಅದೇ ಕಾರಣ. ಬೊಂಡಾಸ್‌ನ ಬಳೆಗಳ ಒಳಭಾಗವನ್ನೂ ಒರೆಸಿ.

3. ಮೊದಲ ಪದರದ ಮಸಾಲೆ. ಒಟ್ಟು ಸಮುದ್ರಾಹಾರಕ್ಕೆ 2 ಸಣ್ಣ ಚಮಚ ಮಸಾಲೆ, ಮುಕ್ಕಾಲು ಸಣ್ಣ ಚಮಚ ಉಪ್ಪು ಸವರಿ. ಮೂರನ್ನೂ ಬೇರೆ ಬೇರೆ ಬಟ್ಟಲಲ್ಲಿಡಿ, ಏಕೆಂದರೆ ಕರಿಯುವ ಹೊತ್ತು ಒಂದೊಂದಕ್ಕೂ ಬೇರೆ.

4. ಮೊಸರಿನಲ್ಲಿ ನೆನೆಸುವುದು. ಕಡೆದ ಮೊಸರಿಗೆ ಮೊಟ್ಟೆ, ಮಸ್ಟರ್ಡ್ ಸಾಸ್, ಖಾರದ ಸಾಸ್, 1 ಸಣ್ಣ ಚಮಚ ಮಸಾಲೆ ಸೇರಿಸಿ ಚೆನ್ನಾಗಿ ಕದಡಿ. ಕರಿಯುವ ಮೀನಿಗೆ ಸಾಸಿವೆ ಸವರುವುದು ಲೂಯಿಸಿಯಾನಾದ ಹಳೆಯ ರೂಢಿ. ಕರಿದ ಮೇಲೆ ಸಾಸಿವೆಯ ತೀಕ್ಷ್ಣತೆ ಇಳಿದು, ಹಿನ್ನೆಲೆಯಲ್ಲಿ ಸಣ್ಣ ಹುಳಿಯಷ್ಟೇ ಉಳಿಯುತ್ತದೆ. ಈ ಮಿಶ್ರಣವನ್ನು ಮೂರು ಬಟ್ಟಲಿಗೂ ಹಂಚಿ 20 ನಿಮಿಷ ಫ್ರಿಜ್‌ನಲ್ಲಿಡಿ. ಗಂಟೆಗಟ್ಟಲೆ ಬಿಟ್ಟರೆ ಹುಳಿಗೆ ಸಿಗಡಿ ಮೆತ್ತಗಾಗಿ ಹಿಟ್ಟಿನಂತಾಗುತ್ತದೆ.

5. ಹಿಟ್ಟು ಹೊದಿಸುವುದು. ಅಗಲ ತಟ್ಟೆಯಲ್ಲಿ ಮೂರೂ ಹಿಟ್ಟು, ಒಂದೂವರೆ ದೊಡ್ಡ ಚಮಚ ಮಸಾಲೆ, 1 ಸಣ್ಣ ಚಮಚ ಉಪ್ಪು ಬೆರೆಸಿ. ಚಿಟಿಕೆ ಹಿಟ್ಟನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಉಪ್ಪು-ಖಾರ ಸ್ಪಷ್ಟವಾಗಿ ತಿಳಿಯದಿದ್ದರೆ ಕರಿದ ಮೇಲೂ ತಿಳಿಯುವುದಿಲ್ಲ. ಹಸಿ ಮೀನು ಸೋಕುವ ಮುಂಚೆಯೇ ಈ ರುಚಿ ನೋಡಿಕೊಳ್ಳಬೇಕು. ಒಂದು ಕೈಯಿಂದ ತುಂಡನ್ನು ಮೊಸರಿನಿಂದ ಎತ್ತಿ ಹೆಚ್ಚಿನದನ್ನು ಸೋರಲು ಬಿಡಿ, ಇನ್ನೊಂದು ಕೈಯಿಂದ ಹಿಟ್ಟು ಮುಚ್ಚಿ ಮೆಲ್ಲಗೆ ಒತ್ತಿ. ಹೀಗೆ ಕೈಗಳನ್ನು ಹಂಚಿಕೊಂಡರೆ ಬೆರಳಿಗೆ ಹಿಟ್ಟು ಮೆತ್ತಿಕೊಳ್ಳುವುದಿಲ್ಲ. ಹೊದಿಕೆ ತೆಳುವಾಗಿರಲಿ. ಇದು ಬಜ್ಜಿಯಲ್ಲ, ಮೀನಿನ ಆಕಾರ ಕಾಣಬೇಕು.

6. ವಿರಾಮ. ಹಿಟ್ಟು ಸವರಿದ ತುಂಡುಗಳನ್ನು ಒಂದಕ್ಕೊಂದು ತಾಗದಂತೆ ತಂತಿ ಜಾಲರಿಯ ಮೇಲೆ 10 ನಿಮಿಷ ಬಿಡಿ. ಹಿಟ್ಟು ತೇವ ಹೀರಿ ಮೈಗೆ ಕೂರುತ್ತದೆ, ಎಣ್ಣೆಯಲ್ಲಿ ಉದುರುವುದಿಲ್ಲ.

7. ಎಣ್ಣೆ ಕಾಯಿಸುವುದು. ದಪ್ಪ ತಳದ ಆಳವಾದ ಬಾಣಲೆಗೆ ಅರ್ಧ ಮಟ್ಟ ಮೀರದಂತೆ ಎಣ್ಣೆ ಹಾಕಿ ಮಧ್ಯಮ ಉರಿಯಲ್ಲಿ 185 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಅಡುಗೆ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಣಗಿದ ಮರದ ಸೌಟಿನ ಹಿಡಿ ಅದ್ದಿ ನೋಡಿ. ಸುತ್ತ ಸಣ್ಣ ಗುಳ್ಳೆಗಳು ಬಿಡದೆ ಏಳಬೇಕು. ಮೊಸರಲ್ಲಿ ಅದ್ದಿದ ಚೂರು ಹಿಟ್ಟು ಹಾಕಿದರೆ ತಳ ಮುಟ್ಟುವ ಮುಂಚೆಯೇ ಮೇಲೆ ತೇಲಬೇಕು. ಎಣ್ಣೆ ಹೊಗೆಯಾಡುತ್ತಿದ್ದರೆ ಉರಿ ಆರಿಸಿ, ತಣಿಯಲು ಬಿಡಿ.

8. ಕರಿಯುವುದು. ಒಂದು ಸಲಕ್ಕೆ ಆರೇಳು ತುಂಡು ಮಾತ್ರ. ತಣ್ಣನೆಯ ಮೀನು ಬಿದ್ದ ಕೂಡಲೇ ಎಣ್ಣೆಯ ಬಿಸಿ ಇಳಿಯುತ್ತದೆ. ಅದು 175ರ ಆಸುಪಾಸಿನಲ್ಲಿ ನಿಲ್ಲುವಂತೆ ಉರಿ ಏರಿಸಿ, ಇಳಿಸಿ. ಬಿಸಿ ಸರಿಯಿದ್ದಾಗ ತುಂಡಿನೊಳಗಿನ ನೀರು ಆವಿಯಾಗಿ ಹೊರನುಗ್ಗುತ್ತದೆ, ಎಣ್ಣೆಗೆ ಒಳಗೆ ಜಾಗ ಸಿಗುವುದಿಲ್ಲ. ಬಾಣಲೆ ತುಂಬಿಸಿ ಬಿಸಿ ಇಳಿಸಿದರೆ ತಿಂಡಿ ಎಣ್ಣೆ ಕುಡಿಯುತ್ತದೆ. ಮುಂದಿನ ಸುತ್ತಿಗೆ ಮುಂಚೆ ಎಣ್ಣೆಯನ್ನು ಮತ್ತೆ 185ಕ್ಕೆ ತನ್ನಿ, ತೇಲುವ ಹಿಟ್ಟಿನ ಚೂರುಗಳನ್ನು ಜಾಲರಿ ಸೌಟಿನಿಂದ ತೆಗೆಯಿರಿ.

ಕರಿಯುವ ಹೊತ್ತು ಹೀಗಿರಲಿ:

• ಮೀನಿನ ಪಟ್ಟಿ – 3ರಿಂದ 4 ನಿಮಿಷ
• ಸಿಗಡಿ – ಸುಮಾರು 2 ನಿಮಿಷ
• ಸಿಂಪಿ – ಕನಿಷ್ಠ 3 ನಿಮಿಷ, ಅಂಚು ಸುರುಟಿ ಹೊದಿಕೆ ಕಂದಾಗುವವರೆಗೆ
• ಬೊಂಡಾಸ್ – ಒಂದರಿಂದ ಒಂದೂವರೆ ನಿಮಿಷ, ಅದಕ್ಕಿಂತ ಹೆಚ್ಚಾದರೆ ರಬ್ಬರಿನಂತಾಗುತ್ತದೆ

ಮೊದಲು ಮೀನು, ಆಮೇಲೆ ಸಿಗಡಿ, ಕೊನೆಗೆ ಬೊಂಡಾಸ್ ಕರಿಯಿರಿ. ಮೀನು ಬಿಸಿಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ, ಬೊಂಡಾಸ್ ಬೇಗ ಆರುತ್ತದೆ. ಬೆಂದ ಸಿಗಡಿ ಅರ್ಧಚಂದ್ರದಂತೆ ಬಾಗಿರುತ್ತದೆ. ಪೂರ್ತಿ ಉಂಗುರವಾಗಿ ಸುತ್ತಿಕೊಂಡಿದ್ದರೆ ಹೆಚ್ಚು ಬೆಂದಿದೆ ಎಂದರ್ಥ. ಮೀನಿನ ತುಂಡು ಮುರಿದರೆ ಪದರ ಪದರವಾಗಿ ಬಿಡಬೇಕು. ಥರ್ಮಾಮೀಟರ್ ಚುಚ್ಚಿ ನೋಡುವವರಿಗೆ ಒಳಗಿನ ಬಿಸಿ 63 ಡಿಗ್ರಿ ಸೆಲ್ಸಿಯಸ್ ತಲುಪಿದ್ದರೆ ಸಾಕು.

9. ಕೊನೆಯ ಪದರ. ಎಣ್ಣೆಯಿಂದ ತೆಗೆದದ್ದನ್ನು ತಂತಿ ಜಾಲರಿಯ ಮೇಲಿಟ್ಟು, ಬಿಸಿ ಇರುವಾಗಲೇ ಚಿಟಿಕೆ ಮಸಾಲೆ, ಬೇಕಿದ್ದರೆ ಸ್ವಲ್ಪ ಉಪ್ಪು ಉದುರಿಸಿ. ಕಾಗದದ ಮೇಲೆ ಗುಡ್ಡೆ ಹಾಕಿದರೆ ಕೆಳಗಿನ ಆವಿಗೆ ಹೊರದಾರಿ ಇಲ್ಲದೆ ಅಡಿ ಮೆತ್ತಗಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬಡಿಸುವುದಾದರೆ ಜಾಲರಿಯ ಸಮೇತ 95 ಡಿಗ್ರಿಯ ಓವನ್‌ನಲ್ಲಿಡಿ. ಮುಚ್ಚಿದ ಹಾಟ್‌ಬಾಕ್ಸ್ ಖಂಡಿತ ಬೇಡ.

ನೆಂಚಿಕೊಳ್ಳಲು ರೆಮುಲಾಡ್

ಫ್ರಾನ್ಸ್‌ನಿಂದ ಬಂದ ಈ ಸಾಸ್ ಲೂಯಿಸಿಯಾನಾದಲ್ಲಿ ಖಾರ ಕಲಿತು ಕೆಂಪಗಾಗಿದೆ. ಅರ್ಧ ಕಪ್ ಮೇಯೊನೀಸ್‌ಗೆ 1 ದೊಡ್ಡ ಚಮಚ ಮಸ್ಟರ್ಡ್ ಸಾಸ್, 2 ಸಣ್ಣ ಚಮಚ ನಿಂಬೆರಸ, 1 ಸಣ್ಣ ಚಮಚ ಖಾರದ ಸಾಸ್, 1 ಸಣ್ಣ ಚಮಚ ನಮ್ಮ ಮಸಾಲೆ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು 2 ದೊಡ್ಡ ಚಮಚ, ಸೆಲರಿ 1 ದೊಡ್ಡ ಚಮಚ ಬೆರೆಸಿ. ವಿನೆಗರ್‌ನಲ್ಲಿ ನೆನೆಸಿದ ಸೌತೆಮಿಡಿ ಇದ್ದರೆ ಅದನ್ನೂ ಹೆಚ್ಚಿ ಹಾಕಿ. ಒಂದು ಗಂಟೆ ಮೊದಲೇ ಮಾಡಿ ಫ್ರಿಜ್‌ನಲ್ಲಿಟ್ಟರೆ ರುಚಿ ಕೂಡಿಕೊಳ್ಳುತ್ತದೆ. ಖಾರ ಹೆಚ್ಚಾಯಿತು ಎನ್ನುವ ಮಕ್ಕಳಿಗೆ, ಹಿರಿಯರಿಗೆ ಮೇಯೊನೀಸ್ ಮತ್ತು ನಿಂಬೆರಸ ಮಾತ್ರ ಬೆರೆಸಿದ ಬಟ್ಟಲು ಬೇರೆ ಇಡಿ.

ಮೇಜಿನಲ್ಲಿ ಸಸ್ಯಾಹಾರಿಗಳೂ ಇದ್ದರೆ ಬೆಂಡೆಕಾಯಿ ಇದೆ. ಗುಲಾಮರಾಗಿ ತರಲಾದ ಆಫ್ರಿಕನ್ನರ ಮೂಲಕ ಲೂಯಿಸಿಯಾನಾ ತಲುಪಿದ ಬೆಂಡೆಕಾಯಿ ಅಲ್ಲಿನ ಅಡುಗೆಯ ಜೀವಾಳ. ಅದನ್ನು ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿಯುವುದು ಅಮೆರಿಕದ ದಕ್ಷಿಣದಲ್ಲೆಲ್ಲ ರೂಢಿ. ಮೊಟ್ಟೆ ಹಾಕದ ಮೊಸರು, ಬೇರೆ ತಟ್ಟೆಯ ಹಿಟ್ಟು ಬಳಸಿ, ಮೀನಿಗೆ ಮುಂಚೆ ಹೊಸ ಎಣ್ಣೆಯಲ್ಲಿ ಮೊದಲು ಬೆಂಡೆಕಾಯಿಯನ್ನೇ ಕರಿದು ಎತ್ತಿಡಿ.

ತೊಡಕು ಬಂದರೆ

ಹೊದಿಕೆ ಕಳಚುತ್ತಿದೆ: ತುಂಡು ಒದ್ದೆಯಿತ್ತು, ಅಥವಾ ಹಿಟ್ಟು ಸವರಿದ ಮೇಲೆ ವಿರಾಮ ಕೊಟ್ಟಿಲ್ಲ, ಇಲ್ಲವೇ ಎಣ್ಣೆಗೆ ಬಿದ್ದ ಕೂಡಲೇ ಸೌಟಾಡಿಸಿದಿರಿ. ಮೊದಲ ಅರ್ಧ ನಿಮಿಷ ಮುಟ್ಟಬೇಡಿ.

ಹೊರಗೆ ಕಪ್ಪು, ಒಳಗೆ ಹಸಿ: ಎಣ್ಣೆ ಹೆಚ್ಚು ಕಾದಿದೆ ಅಥವಾ ತುಂಡು ದಪ್ಪವಿದೆ. ಮೆಣಸಿನಪುಡಿ ಬೇಗ ಸೀಯುವುದರಿಂದ 190 ಡಿಗ್ರಿ ದಾಟದಿರುವುದು ಕ್ಷೇಮ.

ಎಣ್ಣೆ ಜಿಡ್ಡು: ಒಂದೇ ಸಲಕ್ಕೆ ಹೆಚ್ಚು ಹಾಕಿದ್ದೀರಿ. ಸುತ್ತುಗಳನ್ನು ಹೆಚ್ಚಿಸಿ, ತುಂಡುಗಳನ್ನು ಕಡಿಮೆ ಮಾಡಿ.

ಖಾರ ಇದೆ, ರುಚಿ ಇಲ್ಲ: ಮೊದಲ ಪದರದ ಉಪ್ಪು ಮರೆತಿದೆ. ಹೊದಿಕೆಯ ಉಪ್ಪು ಒಳಗಿನ ಮೀನಿಗೆ ಇಳಿಯುವುದಿಲ್ಲ.

ಸುರಕ್ಷತೆಯಲ್ಲಿ ರಾಜಿ ಬೇಡ

ಚಿಪ್ಪು ಜೀವಿಗಳ ಅಲರ್ಜಿ ಗಂಭೀರವಾಗಬಲ್ಲದು, ಹಾಗಾಗಿ ಅತಿಥಿಗಳನ್ನು ಮೊದಲೇ ಕೇಳಿ. ಸಿಗಡಿ ಕರಿದ ಎಣ್ಣೆಯಲ್ಲಿ ಅವರಿಗೆ ಬೇರೇನನ್ನೂ ಕರಿಯಬೇಡಿ. ಹಸಿ ಮೀನು ಸೋಕಿದ ಹಿಟ್ಟು, ಮೊಸರು ಉಳಿದರೆ ಎಸೆದುಬಿಡಿ. ಎಣ್ಣೆಗೆ ಬೆಂಕಿ ತಗಲಿದರೆ ಒಲೆ ಆರಿಸಿ ಬಿಗಿಯಾದ ಮುಚ್ಚಳ ಮುಚ್ಚಿ, ನೀರು ಹಾಕಲೇಬಾರದು.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದರಲ್ಲಿ ಹಾನಿಕರ ಸಂಯುಕ್ತಗಳು ಹೆಚ್ಚುತ್ತವೆ. ಒಟ್ಟು ಧ್ರುವೀಯ ಸಂಯುಕ್ತಗಳು ಶೇ 25ನ್ನು ಮೀರಿದ ಎಣ್ಣೆ ಬಳಸಬಾರದೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ನಿಯಮ ಮಾಡಿದೆ. ಮನೆಯಲ್ಲಿ ಇದನ್ನು ಅಳೆಯಲು ಸಾಧನ ಇರುವುದಿಲ್ಲ. ಸಮುದ್ರಾಹಾರ ಕರಿದ ಎಣ್ಣೆಯನ್ನು ಸೋಸಿ, ತಣ್ಣಗಿನ ಜಾಗದಲ್ಲಿಟ್ಟು, ಎರಡು ಮೂರು ದಿನದೊಳಗೆ ಮೀನಿನ ಒಗ್ಗರಣೆಗೆ ಮುಗಿಸುವುದು ಲೇಸು. ನೊರೆ ಬಂದರೆ, ಕಮಟು ವಾಸನೆ ಬಂದರೆ ಇಟ್ಟುಕೊಳ್ಳಬೇಡಿ. ಸಿಂಕ್‌ಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ. ಹಳೆಯ ಬಾಟಲಿಗೆ ತುಂಬಿ ಕಸದವರಿಗೆ ಕೊಡಿ.

ಮೊದಲ ಸಲ ಮಾಡುವವರು

ಮೂರನ್ನೂ ಒಟ್ಟಿಗೆ ಹಿಡಿಯಬೇಡಿ. ಬರೀ ಸಿಗಡಿಯಿಂದ ಆರಂಭಿಸಿ. ಅತಿಥಿಗಳು ಬರುವ ದಿನ ಮಸಾಲೆ, ರೆಮುಲಾಡ್, ಶುಚಿ ಮಾಡುವ ಕೆಲಸವನ್ನು ಬೆಳಿಗ್ಗೆಯೇ ಮುಗಿಸಿ. ಅವರು ಬರುವ ಅರ್ಧ ಗಂಟೆ ಮೊದಲು ಮೊಸರಿನಲ್ಲಿ ನೆನೆಸಿ, ಬಂದು ಕುಳಿತ ಮೇಲೆ ಎಣ್ಣೆ ಕಾಯಿಸಿ. ಮೊದಲ ಸುತ್ತಿನ ಒಂದು ಸಿಗಡಿಯನ್ನು ನೀವೇ ತಿಂದು ನೋಡಿ, ಉಪ್ಪು ಖಾರ ಕಡಿಮೆ ಎನಿಸಿದರೆ ಉಳಿದವುಗಳಿಗೆ ಕೊನೆಯಲ್ಲಿ ಉದುರಿಸುವ ಮಸಾಲೆಯಲ್ಲಿ ಸರಿಪಡಿಸಿಕೊಳ್ಳಿ. ನಿಂಬೆಹೋಳು, ರೆಮುಲಾಡ್ ಜೊತೆ ಸುತ್ತು ಸುತ್ತಾಗಿ ಬಿಸಿಬಿಸಿ ಬಡಿಸಿ. ಮನೆಮಂದಿಗೆ ಒಪ್ಪಿದ ಖಾರದ ಅಳತೆಯನ್ನು ಮಸಾಲೆ ಡಬ್ಬಿಯ ಮೇಲೆಯೇ ಬರೆದಿಡಿ. ಮುಂದಿನ ಸಲ ಮೀನು, ಬೊಂಡಾಸ್ ಸೇರಿಸಿ ಪೂರ್ತಿ ತಟ್ಟೆ ಮಾಡಲು ಅದೇ ನಿಮ್ಮ ಸೂತ್ರ.